ಒಂದು ಚೂರು ಬಾಲದ ಲೆಕ್ಕ: ಪ್ರಯೋಗಾಲಯದ ಮೀನಿನಿಂದ ಡಿಎನ್‌ಎ ತೆಗೆಯುವ ದಾರಿಗಳು

ಮಳೆಗಾಲ ಮುಗಿಯುತ್ತ ಬಂದಂತೆ ಆದಿಚುಂಚನಗಿರಿ ಬೆಟ್ಟದ ಸುತ್ತ ಗಂಡು ನವಿಲುಗಳು ಗರಿ ಉದುರಿಸುತ್ತವೆ. 1981ರಲ್ಲಿ ನವಿಲುಧಾಮವೆಂದು ಘೋಷಣೆಯಾದ ಈ ಪುಟ್ಟ ಕಾಡಿನಲ್ಲಿ ಯಾವ ನವಿಲು ಯಾವುದರ ಸಂತಾನ ಎಂದು ಹುಡುಕಲು ಯಾರಾದರೂ ಹೊರಟರೆ ಹಕ್ಕಿಯನ್ನು ಹಿಡಿಯುವ ಗೋಜೇ ಬೇಡ. ಬಿದ್ದ ಗರಿಯ ಬುಡದಲ್ಲಿ ಉಳಿದ ಜೀವಕೋಶಗಳಿಂದಲೇ ಡಿಎನ್‌ಎ ತೆಗೆಯಬಹುದು. ಹುಲಿಯಾದರೆ ಹಿಕ್ಕೆ, ಆನೆಯಾದರೆ ಲದ್ದಿ, ಕರಡಿಯಾದರೆ ಮುಳ್ಳಿಗೆ ಸಿಕ್ಕಿದ ಕೂದಲು. ಪ್ರಾಣಿಗೆ ಗೊತ್ತೇ ಆಗದಂತೆ ಅದರ ವಂಶದ ಗುಟ್ಟು ಓದುವ ಈ ಕೆಲಸ ಈಗ ಹೊಸದೇನಲ್ಲ.

ಮೀನಿನ ವಿಷಯದಲ್ಲಿ ಇಷ್ಟು ಸಲೀಸಿಲ್ಲ. ಅದು ಉದುರಿಸಿದ್ದೆಲ್ಲ ನೀರಿಗೆ ಸೇರಿ, ಪಕ್ಕದ ಮೀನು ಉದುರಿಸಿದ್ದರ ಜೊತೆ ಬೆರೆತುಹೋಗುತ್ತದೆ. ನಾಲ್ಕು ಸೆಂಟಿಮೀಟರ್ ಉದ್ದದ, ಒಂದು ಗ್ರಾಮೂ ತೂಗದ ಜೀಬ್ರಾ ಮೀನಿನ ಮೈಯಿಂದ ತೆಗೆಯುವುದಾದರೂ ಎಷ್ಟನ್ನು? ಬೆಟ್ಟದ ಕೆಳಗೆ, ಬೆಳ್ಳೂರು ಕ್ರಾಸ್ ಬಳಿಯ ಬಿ.ಜಿ. ನಗರದಲ್ಲಿ ವೈದ್ಯಕೀಯ ಮತ್ತು ಔಷಧ ವಿಜ್ಞಾನದ ಕಾಲೇಜುಗಳಿವೆ. ಇಂಥ ವಿಷಯ ಕಲಿಸುವ ಕಡೆಗಳಲ್ಲಿ ಇಲಿಯ ಜೊತೆಗೆ ಜೀಬ್ರಾ ಮೀನನ್ನೂ ಪರೀಕ್ಷೆಗೆ ಬಳಸುವ ರೂಢಿ ದೇಶದಲ್ಲೆಲ್ಲ ಹೆಚ್ಚುತ್ತಿದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಅಂದರೆ ಎನ್‌ಸಿಬಿಎಸ್‌ನಲ್ಲಿ, ಈ ಮೀನಿನ ಮಿದುಳು, ನರ, ಚಲನೆಗಳ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಎಲ್ಲೇ ಆಗಲಿ, ಜೀನು ಬದಲಿಸಿದ ಮೀನು ಸಾಕುವವರಿಗೆ ತೊಟ್ಟಿಯೊಳಗಿನ ಯಾವ ಮೀನಿನಲ್ಲಿ ಯಾವ ಜೀನು ಇದೆಯೆಂದು ಗೊತ್ತಿರಲೇಬೇಕು. ಅದಕ್ಕಾಗಿ ಮೀನಿಗೆ ಎಷ್ಟು ತೊಂದರೆ ಕೊಡಬಹುದು ಎಂಬ ಪ್ರಶ್ನೆಗೆ ಕಳೆದ ಎರಡು ದಶಕಗಳಲ್ಲಿ ಹಲವು ಉತ್ತರಗಳು ಬಂದಿವೆ. ಒಂದಕ್ಕೊಂದು ಹೊಂದುವುದಿಲ್ಲ.

ಶ್ರೀರಂಗಪಟ್ಟಣ ನೋಡಿ ಹೋದ ವೈದ್ಯನ ಮೀನು

1799ರಲ್ಲಿ ಟಿಪ್ಪು ಮಡಿದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಗೆದ್ದ ನಾಡಿನಲ್ಲಿ ಏನೇನಿದೆ ಎಂದು ವರದಿ ಮಾಡಲು ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ಸ್ಕಾಟಿಷ್ ವೈದ್ಯನನ್ನು ಕಳಿಸಿದ. ಹೆಸರು ಫ್ರಾನ್ಸಿಸ್ ಬುಕಾನನ್. 1800–01ರಲ್ಲಿ ಶ್ರೀರಂಗಪಟ್ಟಣ, ಮೇಲುಕೋಟೆ ಸೇರಿ ಇಡೀ ಮೈಸೂರು ಸೀಮೆಯನ್ನು ಸುತ್ತಿ ಬೆಳೆ, ಕೂಲಿ, ಕಬ್ಬಿಣದ ಕುಲುಮೆ, ಜಾತಿಗಳ ಕಟ್ಟಳೆ ಎಲ್ಲವನ್ನೂ ಬರೆದಿಟ್ಟುಕೊಂಡ. 1807ರಲ್ಲಿ ಅದು ಪುಸ್ತಕವಾಯಿತು. ಚರಿತ್ರೆ ಓದುವವರಿಗೆಲ್ಲ ಗೊತ್ತಿರುವ ಬುಕಾನನ್ ಇವನೇ. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಬರೆದ ಗ್ರಂಥದಲ್ಲಿ, ಕೋಸಿ ನದಿಯಲ್ಲಿ ಸಿಕ್ಕ ಪಟ್ಟೆಪಟ್ಟೆಯ ಚಿಕ್ಕ ಮೀನೊಂದನ್ನು ಮೊದಲ ಬಾರಿಗೆ ವಿವರಿಸಿದವನೂ ಇವನೇ. ಅದೇ ಇಂದಿನ ಡಾನಿಯೊ ರೇರಿಯೊ, ಜೀಬ್ರಾ ಮೀನು. ಹೀಗೆ ನಮ್ಮ ದೇಶದ ಹೊಳೆಯ ಮೀನು ಅಕ್ವೇರಿಯಂ ವ್ಯಾಪಾರದ ಬೆನ್ನು ಹಿಡಿದು ಪಶ್ಚಿಮಕ್ಕೆ ಹೋಗಿ, ಪ್ರಯೋಗಾಲಯದ ಸಾಮಗ್ರಿಯಾಗಿ ನಮ್ಮಲ್ಲಿಗೆ ಮರಳಿತು.

ಅದನ್ನು ಪ್ರಯೋಗಾಲಯಕ್ಕೆ ತಂದ ಶ್ರೇಯಸ್ಸು ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಅವರದು. ಜೀಬ್ರಾ ಮೀನಿನ ತದ್ರೂಪಿಗಳನ್ನು ಪಡೆದ ಅವರ ಪ್ರಬಂಧ 1981ರಲ್ಲಿ ಬಂತು. ಭ್ರೂಣ ಪಾರದರ್ಶಕ, ಒಂದು ಜೋಡಿ ಒಮ್ಮೆಗೆ ನೂರಾರು ಮೊಟ್ಟೆ ಇಡುತ್ತದೆ, ಮರಿ ಮೂರು ತಿಂಗಳಲ್ಲಿ ಪ್ರಾಯಕ್ಕೆ ಬರುತ್ತದೆ. ಸಂಶೋಧಕರಿಗೆ ಇನ್ನೇನು ಬೇಕು? 1996ರಲ್ಲಿ ಜರ್ಮನಿಯ ಟ್ಯೂಬಿಂಗನ್ ಮತ್ತು ಅಮೆರಿಕದ ಬಾಸ್ಟನ್ ತಂಡಗಳು ಸಾವಿರಾರು ರೂಪಾಂತರಗಳನ್ನು ಒಟ್ಟಿಗೇ ಪ್ರಕಟಿಸಿದವು. 2013ರಲ್ಲಿ ಇದರ ಪೂರ್ಣ ಜೀನೋಮ್ ಬಂದಾಗ, ಮನುಷ್ಯನ ಜೀನುಗಳಲ್ಲಿ ಸುಮಾರು ಶೇ. 70ಕ್ಕೆ ಈ ಮೀನಿನಲ್ಲಿ ಜೊತೆಗಾರ ಜೀನು ಇದೆಯೆಂದು ತಿಳಿಯಿತು. ಅದೇ ವರ್ಷ ಕ್ರಿಸ್ಪರ್ ತಂತ್ರ ಈ ಮೀನಿಗೂ ಹೊಂದಿತು. ಆಮೇಲೆ ಬೇಕಾದ ಜೀನನ್ನು ಬೇಕಾದಲ್ಲಿ ಮುರಿಯುವುದು ಸಣ್ಣ ಪ್ರಯೋಗಾಲಯದ ಕೈಗೂ ಎಟುಕಿತು.

ಡಿಎನ್‌ಎ ಮಾದರಿಯ ಕಥೆ ಇದರ ಜೊತೆಜೊತೆಗೇ ಸಾಗಿತು. ಪಿಸಿಆರ್ ಬರುವ ಮೊದಲು ಡಿಎನ್‌ಎ ಓದಲು ಬಹಳಷ್ಟು ಅಂಗಾಂಶ ಬೇಕಿತ್ತು. ಸಣ್ಣ ಮೀನಾದರೆ ಅದನ್ನು ಕೊಲ್ಲುವುದೇ ಸಾಮಾನ್ಯ ದಾರಿ. 1980ರ ದಶಕದ ನಡುವೆ ಬಂದ ಪಿಸಿಆರ್, ಕೆಲವೇ ಜೀವಕೋಶಗಳಿಂದ ಬೇಕಾದ ತುಣುಕನ್ನು ಕೋಟಿಗಟ್ಟಲೆ ನಕಲು ಮಾಡಿಕೊಟ್ಟಿತು. ಅಲ್ಲಿಗೆ ಮೀನನ್ನು ಜೀವಂತ ಉಳಿಸಿಕೊಂಡು ಒಂದು ಚೂರು ತೆಗೆದರೆ ಸಾಕಾಯಿತು. ಇವತ್ತಿನ ಚರ್ಚೆಯೆಲ್ಲ ಆ ಚೂರನ್ನು ಕುರಿತದ್ದು.

ಬ್ಲೇಡಿನ ಪಕ್ಷ

ಜಗತ್ತಿನ ಬಹುಪಾಲು ಮೀನು ಪ್ರಯೋಗಾಲಯಗಳಲ್ಲಿ ನಡೆಯುವುದು ಬಾಲದ ಈಜುರೆಕ್ಕೆಯ ತುದಿ ಕತ್ತರಿಸುವ ಕ್ರಮ. ಕೆಲಸ ಹೀಗೆ ಸಾಗುತ್ತದೆ: ಮೀನನ್ನು ಬಲೆಯಲ್ಲಿ ಎತ್ತಿ, ಟ್ರೈಕೇನ್ ಎಂಬ ಅರಿವಳಿಕೆ ಬೆರೆಸಿದ ನೀರಿಗೆ ಬಿಡುತ್ತಾರೆ, ಪ್ರಮಾಣ ಲೀಟರಿಗೆ ಸುಮಾರು 160 ಮಿಲಿಗ್ರಾಂ. ಪುಡಿ ನೀರನ್ನು ಹುಳಿಯಾಗಿಸುವುದರಿಂದ ಅದನ್ನು ಸರಿದೂಗಿಸುವ ಬಫರ್ ಬೆರೆಸಬೇಕು. ಮರೆತರೆ ಮೀನಿನ ಕಿವಿರು ಉರಿಯುತ್ತದೆ. ಒಂದೆರಡು ನಿಮಿಷದಲ್ಲಿ ಮೀನು ವಾಲುತ್ತದೆ, ಕಿವಿರಿನ ಬಡಿತ ನಿಧಾನವಾಗುತ್ತದೆ, ಬಾಲ ಹಿಸುಕಿದರೂ ಕದಲುವುದಿಲ್ಲ. ಆಗ ಅದನ್ನು ಪ್ಲಾಸ್ಟಿಕ್ ತಟ್ಟೆಯ ಮೇಲೆ ಮಲಗಿಸಿ ಹರಿತವಾದ ಬ್ಲೇಡಿನಿಂದ ಬಾಲದ ರೆಕ್ಕೆಯ ತುದಿ ಕತ್ತರಿಸಿ, ಮೀನನ್ನು ತಕ್ಷಣ ಶುದ್ಧ ನೀರಿಗೆ ಹಾಕುತ್ತಾರೆ. ರೆಕ್ಕೆಯಲ್ಲಿ ಮೂರನೇ ಒಂದು ಭಾಗ ದಾಟಬಾರದು. ಮಾಂಸ ಶುರುವಾಗುವ ಬುಡದ ತನಕ ಬ್ಲೇಡು ಹೋಗಬಾರದು. ಚೂರನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ 95 ಡಿಗ್ರಿಯಲ್ಲಿ ಹತ್ತಿಪ್ಪತ್ತು ನಿಮಿಷ ಬೇಯಿಸಿ, ತಣಿಸಿ, ಕ್ಷಾರವನ್ನು ಶಮನ ಮಾಡಿದರೆ ಪಿಸಿಆರ್‌ಗೆ ಸಾಕಾಗುವ ಡಿಎನ್‌ಎ ಸಿದ್ಧ. 2007ರಲ್ಲಿ ಜೀಬ್ರಾ ಮೀನಿಗೆ ಹೊಂದಿಸಿ ಪ್ರಕಟವಾದ ಈ ಅಗ್ಗದ ವಿಧಾನ ಕತ್ತರಿಸುವ ಕ್ರಮವನ್ನು ಇನ್ನಷ್ಟು ಗಟ್ಟಿ ಮಾಡಿತು. ದುಬಾರಿ ಕಿಟ್ ಬೇಡ, ಗುರುವಾರ ಕತ್ತರಿಸಿದರೆ ಶುಕ್ರವಾರ ಫಲಿತಾಂಶ.

ಈ ಪಕ್ಷದ ದೊಡ್ಡ ಬಲ ಮೀನಿನ ಮೈಯಲ್ಲೇ ಇದೆ. ಕತ್ತರಿಸಿದ ರೆಕ್ಕೆ ಎರಡು-ಮೂರು ವಾರದಲ್ಲಿ ಮತ್ತೆ ಬೆಳೆಯುತ್ತದೆ. ಅಂಗ ಮರುಬೆಳವಣಿಗೆ ಅಧ್ಯಯನ ಮಾಡುವವರು ಇದೇ ಬಾಲವನ್ನೇ ಪಾಠಪುಸ್ತಕವಾಗಿ ಬಳಸುತ್ತಾರೆ. ಜೊತೆಗೆ ಬೇಕಾದಷ್ಟು ಡಿಎನ್‌ಎ ಸಿಗುತ್ತದೆ. ಮೊದಲ ಪಿಸಿಆರ್ ಕೆಟ್ಟರೆ ಉಳಿದ ದ್ರಾವಣದಲ್ಲಿ ಇನ್ನೊಮ್ಮೆ ಮಾಡಬಹುದು, ಮೀನನ್ನು ಮತ್ತೆ ಹಿಡಿಯಬೇಕಿಲ್ಲ. ಇದನ್ನು ಸಣ್ಣ ಮಾತೆಂದು ತಳ್ಳಿಹಾಕುವಂತಿಲ್ಲ. ಮೃದುವಾದ ವಿಧಾನ ನೂರಕ್ಕೆ ಹತ್ತು ಸಲ ಸೋತರೆ ಆ ಹತ್ತು ಮೀನುಗಳು ಎರಡೆರಡು ಸಲ ಬಲೆಗೆ ಬೀಳುತ್ತವೆ.

ರಕ್ತದ ದಾರಿಯೂ ಇದೆಯಲ್ಲ ಎಂದು ಕೇಳಬಹುದು. ಮನುಷ್ಯನ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಮೀನಿನದರಲ್ಲಿ ಇದೆ. ಹಾಗಾಗಿ ಒಂದು ಹನಿಯಲ್ಲೇ ಧಾರಾಳ ಡಿಎನ್‌ಎ. ಕೆರೆಯ ಕಾಟ್ಲಾ, ರೋಹುಗಳಂಥ ದೊಡ್ಡ ಮೀನಿಗೆ ಇದು ಒಳ್ಳೆಯ ದಾರಿ. ಜೀಬ್ರಾ ಮೀನಿನ ಮೈಯಲ್ಲಿ ಇರುವುದೇ ಕೆಲವು ಮೈಕ್ರೋಲೀಟರ್ ರಕ್ತ. ಅಲ್ಲಿ ಸೂಜಿ ಹಾಕುವುದಕ್ಕಿಂತ ಬಾಲ ಕತ್ತರಿಸುವುದೇ ವಾಸಿ. ಹುರುಪೆ ಕೀಳುವುದೂ ಹಾಗೆಯೇ: ದೊಡ್ಡ ಮೀನಿಗೆ ಪರವಾಗಿಲ್ಲ, ಚಿಕ್ಕದಕ್ಕೆ ಅದೊಂದು ಗಾಯ.

ಮೀನಿಗೆ ನೋವಾಗುತ್ತದೆಯೇ?

ಕತ್ತರಿಸಿದರೆ ಮೀನಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಮೇಲಿನ ಕ್ರಮದ ಅಡಿಗಲ್ಲಾಗಿತ್ತು. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಅದನ್ನು ಅಲುಗಾಡಿಸಿದರು. ಟ್ರೌಟ್ ಮೀನಿನ ಮುಖದಲ್ಲಿ ಪರೀಕ್ಷಿಸಿದ 58 ಸಂವೇದಕಗಳಲ್ಲಿ 22 ನೋವಿನ ಪ್ರಚೋದನೆಗೆ ಮಿಡಿಯುವಂಥವು ಎಂದು ತೋರಿಸಿದರು. ತುಟಿಗೆ ಅಸಿಟಿಕ್ ಆಮ್ಲ ಚುಚ್ಚಿದ ಮೀನುಗಳು ತುಟಿಯನ್ನು ತೊಟ್ಟಿಯ ತಳಕ್ಕೆ ಉಜ್ಜಿಕೊಂಡವು, ತಿನ್ನಲು ತಡಮಾಡಿದವು.

ನಮ್ಮ ಓದುಗರಿಗೆ ಹೆಚ್ಚು ಹತ್ತಿರದ್ದು 2010ರ ಇನ್ನೊಂದು ಅಧ್ಯಯನ. ಅದು ನಡೆದದ್ದು ಸಾಮಾನ್ಯ ಗೆಂಡೆ ಮತ್ತು ತಿಲಾಪಿಯಾ ಮೇಲೆ. ಎರಡೂ ಮಂಡ್ಯ ಜಿಲ್ಲೆಯ ಕೆರೆ-ನಾಲೆಗಳವರೆಗೆ ಬಂದಿರುವ ಮೀನುಗಳು; ತಿಲಾಪಿಯಾವನ್ನು ಈ ಕಡೆ ಜಿಲೇಬಿ ಎಂದೇ ಮಾರುತ್ತಾರೆ. ಗೆಂಡೆಯ ಬಾಲದ ರೆಕ್ಕೆಯಲ್ಲಿ ನೋವು ಸಾಗಿಸುವ ಬಗೆಯ ನರತಂತುಗಳು ಇವೆಯೆಂದು ಆ ತಂಡ ತೋರಿಸಿತು. ಬರೀ ಹಿಡಿದುಬಿಟ್ಟ ಮೀನಿಗಿಂತ ಬಾಲ ಕತ್ತರಿಸಿದ ಮೀನಿನ ವರ್ತನೆ ಬೇರೆಯಾಗಿತ್ತು. ಅಂದರೆ ಹಿಡಿದ ಗಾಬರಿ ಒಂದು, ಕತ್ತರಿಸಿದ ನೋವು ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿ ಅಳೆಯಬಹುದು. ಈ ಇಡೀ ಚರ್ಚೆಗೆ ಆಧಾರವಾಗಬೇಕಾದ್ದು ಈ ವಿಂಗಡಣೆಯೇ ಎಂದು ನನಗೆ ತೋರುತ್ತದೆ. ಆಮೇಲೆ ಬಂದ ಬಹಳ ವಾದಗಳಲ್ಲಿ ಅದು ಕಳೆದುಹೋಗಿದೆ.

ಎದುರು ಪಕ್ಷ ಸುಮ್ಮನೆ ಕೂತಿಲ್ಲ. ನೋವಿನ ಅನುಭವಕ್ಕೆ ಮನುಷ್ಯರಲ್ಲಿರುವಂಥ ಮಿದುಳಿನ ಹೊರಪದರ ಬೇಕು, ಮೀನಿಗೆ ಅದಿಲ್ಲ, ಆದ್ದರಿಂದ ಮೀನಿನದು ಪ್ರತಿಕ್ರಿಯೆ ಅಷ್ಟೇ, ಸಂಕಟವಲ್ಲ ಎಂದು 2002ರಲ್ಲಿ ಅಮೆರಿಕದ ಜೇಮ್ಸ್ ರೋಸ್, 2016ರಲ್ಲಿ ಆಸ್ಟ್ರೇಲಿಯಾದ ಬ್ರಯನ್ ಕೀ ವಾದಿಸಿದರು. ಹಕ್ಕಿಗೂ ಅಂಥ ಹೊರಪದರ ಇಲ್ಲ. ಆದರೂ ಹಕ್ಕಿಗೆ ನೋವಾಗುತ್ತದೆಂಬುದನ್ನು ಒಪ್ಪುತ್ತೇವಲ್ಲ ಎಂಬುದು ಇದಕ್ಕೆ ಬಂದ ಉತ್ತರಗಳಲ್ಲಿ ಒಂದು. ನನ್ನ ಒಲವು ಸ್ನೆಡನ್ ಕಡೆಗೆ. ಆದರೆ ತತ್ತ್ವದ ಜಗಳ ಬಗೆಹರಿಯುವವರೆಗೆ ಪ್ರಯೋಗಾಲಯ ಕಾಯಬೇಕಿಲ್ಲ. ಹಿಂಸೆ ಪಟ್ಟ ಮೀನಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ, ಈಜು ಬದಲಾಗುತ್ತದೆ; ಅದೇ ಮೀನಿನ ವರ್ತನೆಯನ್ನೇ ಅಳೆಯುವ ಸಂಶೋಧಕನ ಅಂಕಿ ಅಂಶ ಕೆಡುತ್ತದೆ. ಮೀನಿನ ಮೇಲೆ ಮರುಕ ಇಲ್ಲದವನಿಗೂ ತನ್ನ ಅಂಕಿಗಳ ಮೇಲೆ ಇರಲೇಬೇಕು.

ಇಲ್ಲೊಂದು ತೊಡಕೂ ಇದೆ. ನೋವು ತಪ್ಪಿಸಲೆಂದು ಕೊಡುವ ಅರಿವಳಿಕೆಯನ್ನೇ ಮೀನು ಸಹಿಸುವುದಿಲ್ಲ. 2013ರಲ್ಲಿ ಇಂಗ್ಲೆಂಡಿನ ತಂಡವೊಂದು ಒಂಬತ್ತು ಅರಿವಳಿಕೆಗಳನ್ನು ತೊಟ್ಟಿಯ ಒಂದು ಬದಿಯಲ್ಲಿ ಹರಿಯಬಿಟ್ಟು ನೋಡಿತು. ಎರಡನ್ನು ಬಿಟ್ಟು ಉಳಿದವುಗಳಿಂದ ಜೀಬ್ರಾ ಮೀನು ದೂರ ಸರಿಯಿತು. ದೂರ ಸರಿದವುಗಳಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಟ್ರೈಕೇನ್ ಕೂಡ ಒಂದು.

ಸ್ವಾಬ್ ಪಕ್ಷ

ಮೀನನ್ನು ಕೈಯಲ್ಲಿ ಹಿಡಿದವರಿಗೆಲ್ಲ ಅದರ ಲೋಳೆ ಗೊತ್ತು. ಅಂಟಾಗಿ ಜಾರುವ ಆ ಪದರದಲ್ಲಿ ಉದುರಿದ ಚರ್ಮಕೋಶಗಳಿರುತ್ತವೆ, ಅವುಗಳಲ್ಲಿ ಡಿಎನ್‌ಎ ಇರುತ್ತದೆ. ಮೀನಿನ ಮೈಯನ್ನು ಸ್ವಾಬ್ ಕಡ್ಡಿಯಿಂದ ಒರೆಸಿದರೆ ಸಾಕಲ್ಲವೇ ಎಂಬ ಯೋಚನೆಯನ್ನು 2011ರಲ್ಲಿ ಲ ವಿನ್ ಮತ್ತು ಸಂಗಡಿಗರು ಪರೀಕ್ಷಿಸಿ ಪ್ರಕಟಿಸಿದರು. ಪ್ರಯೋಗಾಲಯದ ಚಿಕ್ಕ ಮೀನುಗಳಿಗೆ ಅದನ್ನು ಕಡಿಮೆ ಖರ್ಚಿನಲ್ಲಿ ಹೊಂದಿಸಿದ್ದು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ತಂಡ, 2017ರಲ್ಲಿ; ಜೀಬ್ರಾ ಮೀನು ಮತ್ತು ಸ್ಟಿಕಲ್‌ಬ್ಯಾಕ್ ಎಂಬ ಮುಳ್ಳುಬೆನ್ನಿನ ಮೀನಿನ ಮೇಲೆ. ಕೋವಿಡ್ ಕಾಲದಲ್ಲಿ ನಮ್ಮ ಮೂಗಿಗೆ ತೂರಿಸಿದ ಕಡ್ಡಿಯ ಬಳಗದ್ದೇ ಈ ಸ್ವಾಬ್. ಮೀನನ್ನು ಒದ್ದೆಯಾಗಿಟ್ಟು, ಕಿವಿರು ಕಣ್ಣುಗಳಿಗೆ ತಾಗದಂತೆ, ಹುರುಪೆಗಳು ಮಲಗಿರುವ ದಿಕ್ಕಿನಲ್ಲಿ ತಲೆಯಿಂದ ಬಾಲದ ಕಡೆಗೆ ಪಕ್ಕೆಯ ಮೇಲೆ ನವಿರಾಗಿ ಎಳೆಯಬೇಕು. ಎದುರು ದಿಕ್ಕಿಗೆ ಎಳೆದರೆ ಹುರುಪೆ ಏಳುತ್ತದೆ, ಆಗ ಸ್ವಾಬೂ ಗಾಯವೇ.

ಇದರ ಮುಖ್ಯ ವಾದ: ಕತ್ತರಿ ಇಲ್ಲದ್ದರಿಂದ ಅರಿವಳಿಕೆಯೂ ಬೇಡ. ಅದೇ ತಂಡದ 2020ರ ಅಧ್ಯಯನ ಎರಡನ್ನೂ ಪಕ್ಕಪಕ್ಕ ಇಟ್ಟು ಕಾರ್ಟಿಸಾಲ್, ವರ್ತನೆ, ಜೀನುಗಳ ಚಟುವಟಿಕೆ ಎಲ್ಲವನ್ನೂ ಅಳೆಯಿತು. ಮೊದಲ ದಿನ ಸ್ವಾಬ್ ಮಾಡಿದ ಮೀನುಗಳಲ್ಲಿ ಕಾರ್ಟಿಸಾಲ್ ಮತ್ತು ವರ್ತನೆ ಕತ್ತರಿಸಿದವುಗಳಿಗಿಂತ ಕಡಿಮೆ ಬದಲಾದವು. ಅಳತೆಗಳ ಏರಿಳಿತವೂ ಕಡಿಮೆ. ಆದ್ದರಿಂದ ಅದೇ ಉತ್ತರಕ್ಕೆ ಕಡಿಮೆ ಮೀನು ಸಾಕಾಗಬಹುದು. ಇಷ್ಟರವರೆಗೆ ಸ್ವಾಬ್ ಪಕ್ಷ ಗೆದ್ದಂತೆಯೇ. ಆದರೆ ಸ್ವಾಬ್ ಮಾಡಿದ ಜೀಬ್ರಾ ಮೀನುಗಳಲ್ಲಿ ಕೆಲವು ಬದಲಾವಣೆಗಳು ಮೊದಲ ದಿನ ಕಾಣದೆ ತಡವಾಗಿ ಕಾಣಿಸಿಕೊಂಡವು ಎಂದೂ ಅದೇ ಪ್ರಬಂಧ ಹೇಳುತ್ತದೆ. ತಮ್ಮದೇ ವಿಧಾನದ ವಿರುದ್ಧ ಹೋಗುವ ಈ ಸಾಲನ್ನು ಮುಚ್ಚಿಡದೆ ಬರೆದ ತಂಡವನ್ನು ಮೆಚ್ಚಬೇಕು. ಸ್ವಾಬ್ ಪರವಾಗಿ ಉದಾಹರಿಸುವವರು ಆ ಸಾಲನ್ನೂ ಉದಾಹರಿಸಬೇಕು.

ಲೋಳೆ ಸುಮ್ಮನೆ ಅಂಟಲ್ಲ, ಮೀನಿನ ಮೊದಲ ಕಾವಲು. ಬ್ಯಾಕ್ಟೀರಿಯಾ ಕೊಲ್ಲುವ ಕಿಣ್ವಗಳು ಅದರಲ್ಲಿವೆ. ಗಾಳ ಹಾಕಿ ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವವರು ಒಣಗೈಯಲ್ಲಿ ಮುಟ್ಟಬಾರದು ಎನ್ನುವುದು ಇದಕ್ಕೇ. ಪದೇಪದೇ ಒರೆಸಿದ ಜಾಗದಲ್ಲಿ ಏರೋಮೋನಾಸ್‌ನಂಥ ನೀರಿನ ಬ್ಯಾಕ್ಟೀರಿಯಾ ಹೊಕ್ಕೀತೆಂಬ ಭಯ ನಿರಾಧಾರವಲ್ಲ.

ಇನ್ನೊಂದು ತಕರಾರು ಪ್ರಯೋಗಾಲಯದ ಒಳಗಿನದು. ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ತೊಟ್ಟಿಯಲ್ಲಿ ಮೂವತ್ತು ಮೀನು ಒಟ್ಟಿಗಿದ್ದರೆ ಒಂದರ ಲೋಳೆಯ ಮೇಲೆ ಇನ್ನೊಂದರ ಕೋಶ ಅಂಟಿರುತ್ತದೆ. ಅಪ್ಪ-ಅಮ್ಮ ಇಬ್ಬರಿಂದಲೂ ಒಂದೇ ಬಗೆಯ ಜೀನು ಪಡೆದ ಮೀನಿನ ಸ್ವಾಬಿನಲ್ಲಿ ಪಕ್ಕದ ಮೀನಿನ ಬೇರೆ ಬಗೆಯ ಜೀನು ಸ್ವಲ್ಪ ಬೆರೆತರೂ, ಪಿಸಿಆರ್ ಪಟ್ಟಿಯಲ್ಲಿ ಎರಡೂ ಕಾಣಿಸಿ ಅದು ಮಿಶ್ರ ಮೀನೆಂದು ದಾಖಲಾಗುತ್ತದೆ. ಈ ತಪ್ಪು ಫಲಿತಾಂಶ ಬಾರದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಒರೆಸುವ ಮೊದಲು ಶುದ್ಧ ನೀರಿನಲ್ಲಿ ಅದ್ದಬೇಕು, ಪ್ರತಿ ಮೀನಿಗೂ ಕೈಗವಸು ಬದಲಿಸಬೇಕು. ಸಂಜೆ ಐದಕ್ಕೆ ನೂರನೇ ಮೀನಿನ ಹೊತ್ತಿಗೆ ಈ ಶಿಸ್ತು ಎಷ್ಟು ಉಳಿದಿರುತ್ತದೆ ಎಂಬುದನ್ನು ಮೀನುಮನೆಯಲ್ಲಿ ಕೆಲಸ ಮಾಡಿದವರೇ ಹೇಳಬೇಕು.

ಕ್ರಿಸ್ಪರ್ ಮಾಡಿದ ಮೊದಲ ತಲೆಮಾರಿನಲ್ಲಿ ತೊಡಕು ಎರಡು ಪಟ್ಟು. ಅಂಥ ಮೀನಿನ ಮೈಯ ಎಲ್ಲ ಕೋಶಗಳಲ್ಲೂ ಒಂದೇ ಬದಲಾವಣೆ ಇರುವುದಿಲ್ಲ. ಚರ್ಮದಲ್ಲಿ ಕಂಡದ್ದು ವೀರ್ಯ-ಅಂಡಗಳಲ್ಲಿ ಇಲ್ಲದೆ ಹೋಗಬಹುದು. ಬಾಲದ ಚೂರಿನಲ್ಲಿ ಚರ್ಮ, ಮೂಳೆ, ರಕ್ತನಾಳ ಎಲ್ಲ ಸ್ವಲ್ಪಸ್ವಲ್ಪ ಇರುತ್ತವೆ. ಸ್ವಾಬಿನಲ್ಲಿ ಇರುವುದು ಬಹುಪಾಲು ಹೊರಚರ್ಮ. ಮರಿಗಳಿಗೆ ಯಾವ ಜೀನು ದಾಟುತ್ತದೆಂದು ಮಾತ್ರ ಎರಡೂ ಖಚಿತವಾಗಿ ಹೇಳಲಾರವು.

ಬೆಳೆಯುವ ಮೊದಲೇ ಓದುವುದು

ಮೂರನೆಯ ಪಂಥ ಪ್ರಶ್ನೆಯ ಕಾಲವನ್ನೇ ಹಿಂದಕ್ಕೆ ತಳ್ಳುತ್ತದೆ. ದೊಡ್ಡ ಮೀನನ್ನೇಕೆ ಮುಟ್ಟಬೇಕು? ಎರಡು-ಮೂರು ದಿನದ ಭ್ರೂಣದಿಂದಲೇ ಮಾದರಿ ತೆಗೆದರಾಗದೇ? ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಇದಕ್ಕೊಂದು ಯಂತ್ರವನ್ನು ವಿವರಿಸಿತು. ಒರಟು ಮಾಡಿದ ಗಾಜಿನ ಮೇಲೆ ಒಂದೊಂದು ಹನಿ ನೀರು, ಹನಿಯೊಳಗೆ ಒಂದೊಂದು ಭ್ರೂಣ. ಗಾಜನ್ನು ಮೆಲ್ಲಗೆ ಕಂಪಿಸಿದರೆ ಭ್ರೂಣದ ಮೈಯಿಂದ ಕೆಲವು ಕೋಶಗಳು ಉಜ್ಜಿಹೋಗಿ ಹನಿಗೆ ಸೇರುತ್ತವೆ. 24 ಭ್ರೂಣಗಳ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಭ್ರೂಣ ಬದುಕುತ್ತವೆ ಎಂಬುದು ಅವರ ವರದಿ. ಯಂತ್ರಕ್ಕೆ ದುಡ್ಡಿಲ್ಲದವರಿಗೆ ಬೇರೆ ದಾರಿಗಳಿವೆ: ದುರ್ಬಲ ಪ್ರೋಟೀನೇಸ್ ದ್ರಾವಣದಲ್ಲಿ ಸ್ವಲ್ಪ ಹೊತ್ತು ಇಟ್ಟು ಕೋಶ ಸಡಿಲಿಸುವುದು, ಅಥವಾ ಮೂರು ದಿನದ ಮರಿಯ ಬಾಲರೆಕ್ಕೆಯ ತುದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಕತ್ತರಿಸುವುದು.

ಈ ಪಂಥದ ಗಟ್ಟಿ ವಾದ ಇರುವುದು ಲೆಕ್ಕದಲ್ಲಿ. ಮಿಶ್ರ ಜೀನಿನ ಎರಡು ಮೀನುಗಳನ್ನು ಕೂಡಿಸಿದರೆ ಮರಿಗಳಲ್ಲಿ ಕಾಲುಭಾಗ ಮಾತ್ರ ಶುದ್ಧ ರೂಪಾಂತರಿಗಳು. ಅಂಥ ಹತ್ತು ಮೀನು ಬೇಕೆಂದರೆ ಸರಾಸರಿ ನಲವತ್ತನ್ನು ಮೂರು ತಿಂಗಳು ಸಾಕಿ, ನಲವತ್ತರ ಬಾಲವನ್ನೂ ಕತ್ತರಿಸಿ, ಮೂವತ್ತನ್ನು ಬೇಡವೆಂದು ತೆಗೆಯಬೇಕು. ಮೂರನೇ ದಿನವೇ ಗೊತ್ತಾದರೆ ಆ ಮೂವತ್ತು ದೊಡ್ಡ ಮೀನುಗಳ ಬದುಕೂ ಸಾವೂ ತಪ್ಪುತ್ತದೆ. ನೀರು, ಮೇವು, ತೊಟ್ಟಿಯ ಜಾಗ ಉಳಿಯುತ್ತದೆ. ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ಮೂರು ಸೂತ್ರಗಳು ಇವು: ಪ್ರಾಣಿಯ ಬದಲು ಬೇರೆ ದಾರಿ, ಇಲ್ಲವಾದರೆ ಕಡಿಮೆ ಪ್ರಾಣಿ, ಅದೂ ಆಗದಿದ್ದರೆ ಕಡಿಮೆ ಹಿಂಸೆ. ಸ್ವಾಬ್ ಮೂರನೆಯದನ್ನು ಪೂರೈಸುತ್ತದೆ, ಭ್ರೂಣದ ದಾರಿ ಎರಡನೆಯದನ್ನು. ಎರಡೂ ಎದುರುಬದುರಾದರೆ ಯಾವುದು ಮೇಲು ಎಂದು ಸೂತ್ರಗಳು ಹೇಳುವುದಿಲ್ಲ.

ಭ್ರೂಣಕ್ಕೆ ನೋವಿಲ್ಲವೇ? ಯುರೋಪಿನ 2010ರ ನಿರ್ದೇಶನ ಮೀನಿನ ಮರಿ ತಾನಾಗಿ ಮೇವು ತಿನ್ನುವ ಹಂತ ತಲುಪುವವರೆಗೆ ಅದನ್ನು ರಕ್ಷಣೆಯ ವ್ಯಾಪ್ತಿಗೆ ತರುವುದಿಲ್ಲ. ಜೀಬ್ರಾ ಮೀನಿನಲ್ಲಿ ಅದು ಸುಮಾರು ಐದನೇ ದಿನ. ನಾಲ್ಕನೇ ದಿನ ಇಲ್ಲದ ನೋವು ಐದನೇ ದಿನ ಹುಟ್ಟುತ್ತದೆಂದು ಯಾರೂ ಹೇಳಿಲ್ಲ. ಆಡಳಿತಕ್ಕೆ ಒಂದು ಗೆರೆ ಬೇಕಿತ್ತು, ಎಳೆದರು.

ಮುಟ್ಟದೆ ಓದುವವರು

ಕೆಲವರು ಒಂದೇ ಮೀನನ್ನು ಸ್ವಲ್ಪ ನೀರಿನಲ್ಲಿ ಕೆಲವು ಗಂಟೆ ಇಟ್ಟು, ಆ ನೀರನ್ನು ಸೋಸಿ ಡಿಎನ್‌ಎ ಹುಡುಕಬಹುದೆನ್ನುತ್ತಾರೆ. ಹೊಳೆಯ ನೀರಿನಿಂದಲೇ ಅಲ್ಲಿ ಯಾವ ಜಾತಿಯ ಮೀನಿದೆ ಎಂದು ಪತ್ತೆಹಚ್ಚುವ ವಿದ್ಯೆ 2008ರ ನಂತರ ಬಹಳ ಬೆಳೆದಿದೆ. ಜಾತಿ ತಿಳಿಯಲು ಅದು ಸಾಕು. ಈ ಒಂದು ಮೀನಿನಲ್ಲಿ ಆ ಜೀನಿನ ಎರಡೂ ಪ್ರತಿ ಹೇಗಿವೆ ಎಂದು ತಿಳಿಯಲು ಸಾಲುವುದು ಕಷ್ಟ. ಸಾಲದ್ದಕ್ಕೆ ಜೀಬ್ರಾ ಮೀನು ಗುಂಪಿನಲ್ಲಿ ಬದುಕುವ ಜೀವಿ. ಒಂಟಿಯಾಗಿ ಗಂಟೆಗಟ್ಟಲೆ ಇಡುವುದೂ ಒಂದು ಹಿಂಸೆ. ಮುಟ್ಟದಿದ್ದ ಮಾತ್ರಕ್ಕೆ ಕಾಡಲಿಲ್ಲ ಎನ್ನಲಾಗದು.

ಇನ್ನೂ ಜಾಣ ದಾರಿಗಳಿವೆ. ಹೊಸ ಜೀನನ್ನು ಸೇರಿಸುವಾಗಲೇ ಅದರ ಜೊತೆಗೆ ಕಣ್ಣಿನಲ್ಲೋ ಹೃದಯದಲ್ಲೋ ಹಸಿರಾಗಿ ಕೆಂಪಾಗಿ ಹೊಳೆಯುವ ಗುರುತನ್ನು ಪೋಣಿಸಿದರೆ, ದೀಪದ ಕೆಳಗೆ ಹಿಡಿದು ಕಣ್ಣಲ್ಲೇ ಆರಿಸಬಹುದು. ಶುದ್ಧ ರೂಪಾಂತರಿ ಬದುಕಿ ಮರಿ ಹಾಕುವಂಥದ್ದಾದರೆ, ಶುದ್ಧಕ್ಕೆ ಶುದ್ಧವನ್ನೇ ಕೂಡಿಸಿ ಮಾದರಿ ತೆಗೆಯುವ ಅಗತ್ಯವನ್ನೇ ಬಹುಪಾಲು ಇಲ್ಲವಾಗಿಸಬಹುದು. ತಳಿ ಸಾಕುವ ಯೋಜನೆಯನ್ನು ಮೊದಲೇ ಸರಿಯಾಗಿ ಬರೆದುಕೊಂಡರೆ ಎಷ್ಟೋ ಬಾಲಗಳು ಉಳಿಯುತ್ತವೆ. ಇದರಲ್ಲಿ ಹೊಸ ತಂತ್ರಜ್ಞಾನವಿಲ್ಲ, ಪ್ರಬಂಧ ಪ್ರಕಟಿಸುವ ಸೊಗಸೂ ಇಲ್ಲ. ಹಾಗಾಗಿ ಚರ್ಚೆಯೂ ಕಡಿಮೆ.

ನಮ್ಮ ಕಾನೂನು, ನಮ್ಮ ಹೊಳೆ

ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟು ಹಿಡಿದು ಎತ್ತಿದ ವಿಷಯದಿಂದ ಬಂದದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಅದರಲ್ಲಿ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ. ಐದನೇ ದಿನದ ಗೆರೆಯಂಥದ್ದು ಆ ವ್ಯಾಖ್ಯೆಯಲ್ಲಿಲ್ಲ. ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿ, ಶಸ್ತ್ರಕ್ರಿಯೆ ಇರುವ ಪ್ರಯೋಗದಲ್ಲಿ ಆದಷ್ಟೂ ಅರಿವಳಿಕೆ ಎಂದೂ ಅದೇ ಕಾಯ್ದೆ ಹೇಳುತ್ತದೆ. 1998ರ ನಿಯಮಗಳ ನಂತರ ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಕಡ್ಡಾಯವಾಯಿತು. ಇಲಿ-ಮೊಲಗಳಿಗೆ ರೂಪುಗೊಂಡ ಅರ್ಜಿ ನಮೂನೆಯ ಮುಂದೆ ಮೀನು ಬಂದು ಕುಳಿತಾಗ ಸಮಿತಿಯ ಸದಸ್ಯರು ಏನು ಕೇಳಬೇಕು? ಬಾಲ ಕತ್ತರಿಸುವುದು ಶಸ್ತ್ರಕ್ರಿಯೆ ಎನ್ನಬಹುದು. ಅರಿವಳಿಕೆ ಇಲ್ಲದ ಸ್ವಾಬ್?

ಈ ಪ್ರಶ್ನೆ ತೊಟ್ಟಿಯ ಆಚೆಗೂ ಹಬ್ಬುತ್ತದೆ. ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿಯ ದೊಡ್ಡ ಮೀನು ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಕಾವೇರಿ ಬಯಲಿನದೇ ಆದ ಗೂನುಬೆನ್ನಿನ ಮಹಶೀರ್‌ನ ವೈಜ್ಞಾನಿಕ ಹೆಸರೇನೆಂದು ಖಚಿತವಾದದ್ದು 2018ರಲ್ಲಿ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತಿತರರು ದೇಹರಚನೆ ಮತ್ತು ಡಿಎನ್‌ಎ ಎರಡನ್ನೂ ಹೋಲಿಸಿ ಅದು ಟಾರ್ ರೇಮಾದೇವಿ ಎಂದು ತೋರಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿ, ಮೂಲ ಮೀನು ಅಪರೂಪವಾಗಿರುವ ಹೊಳೆಯಲ್ಲಿ ಉಳಿದ ಒಂದೊಂದು ಮೀನಿನ ಡಿಎನ್‌ಎಯೂ ಬೆಲೆಯುಳ್ಳದ್ದು. ಅಂಥ ಮೀನಿನ ರೆಕ್ಕೆ ಕತ್ತರಿಸುವುದೋ, ಹುರುಪೆ ಕೀಳುವುದೋ, ಸ್ವಾಬ್ ಎಳೆದು ಬಿಡುವುದೋ? ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಪ್ರಯೋಗಾಲಯದ ಮೀನು ನಾಳೆಯೂ ತೊಟ್ಟಿಯಲ್ಲೇ ಇರುತ್ತದೆ, ಮಾದರಿ ಕೆಟ್ಟರೆ ಮತ್ತೆ ಹಿಡಿಯಬಹುದು. ಹೊಳೆಯ ಮೀನು ಸಿಗುವುದು ಒಂದೇ ಸಲ. ಅಲ್ಲಿ ಖಾತ್ರಿಯಾದ ಚಿಕ್ಕ ಚೂರು ಅನುಮಾನದ ಸ್ವಾಬಿಗಿಂತ ಮೇಲೆಂದು ನನ್ನ ಎಣಿಕೆ. ಗಾಯ ಮಾಗುವ ಮೊದಲೇ ಕೊಳಕು ನೀರಿಗೆ ಮರಳುವ ಮೀನನ್ನು ಕಂಡವರು ಒಪ್ಪದಿರಬಹುದು.

ಬಗೆಹರಿಯದೆ ಉಳಿದದ್ದು

ಮೊದಲನೆಯದು ಅಳತೆಯ ಪ್ರಶ್ನೆ. ಬಲೆ, ಗಾಳಿ, ಅರಿವಳಿಕೆ, ಬ್ಲೇಡು, ಆಮೇಲೆ ಫಲಿತಾಂಶ ಬರುವವರೆಗಿನ ಒಂಟಿ ಡಬ್ಬಿ: ಇವುಗಳಲ್ಲಿ ಯಾವುದರ ಪಾಲು ಎಷ್ಟು? ಬಾಲ ಕತ್ತರಿಸಿದ ಮೀನೂ ಸ್ವಾಬ್ ಮಾಡಿದ ಮೀನೂ ಒಂದೊಂದು ಡಬ್ಬಿಯಲ್ಲಿ ಒಂದೆರಡು ದಿನ ಕಾಯುತ್ತವೆ. ಆ ಡಬ್ಬಿಯೇ ದೊಡ್ಡ ಹಿಂಸೆಯಾಗಿದ್ದರೆ, ಫಲಿತಾಂಶವನ್ನು ಅದೇ ಸಂಜೆ ಕೊಡುವ ಪಿಸಿಆರ್ ಯಂತ್ರ ಯಾವ ಸ್ವಾಬಿಗಿಂತಲೂ ಹೆಚ್ಚಿನ ಉಪಕಾರ ಮಾಡುತ್ತದೆ. ವಿಧಾನಗಳನ್ನು ಹೋಲಿಸುವವರು ಸಾಮಾನ್ಯವಾಗಿ ಮಾದರಿ ತೆಗೆದ ಗಳಿಗೆಯನ್ನು ಹೋಲಿಸುತ್ತಾರೆ, ಹಿಂದುಮುಂದಿನ ಎರಡು ದಿನಗಳನ್ನಲ್ಲ.

ಸ್ವಾಬ್ ನಂತರ ತಡವಾಗಿ ಕಾಣುವ ಬದಲಾವಣೆ ಏಕೆ ಎಂಬುದಕ್ಕೆ ವಿವರಣೆ ಬೇಕು. ಲೋಳೆ ಹೋದದ್ದಕ್ಕೋ, ಅರಿವಿದ್ದಾಗಲೇ ಹಿಡಿಸಿಕೊಂಡ ನೆನಪಿಗೋ? ನೆನಪಿಗಾದರೆ ಅರಿವಳಿಕೆ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ಕೊಡೋಣವೆಂದರೆ, ಅದೇ ಅರಿವಳಿಕೆಯಿಂದ ಮೀನು ದೂರ ಓಡುವುದನ್ನು ಆಗಲೇ ನೋಡಿದ್ದೇವೆ.

ಜೀಬ್ರಾ ಮೀನಿನಲ್ಲಿ ಸಿಕ್ಕ ಉತ್ತರ ಉಳಿದ ಮೀನುಗಳಿಗೆ ಎಷ್ಟು ಹೊಂದುತ್ತದೆ ಎಂಬುದೂ ತೆರೆದೇ ಇದೆ. ಗೆಂಡೆಯ ಹುರುಪೆ ದಪ್ಪ, ಲೋಳೆ ಹೆಚ್ಚು. ಬೆಕ್ಕುಮೀನಿಗೆ ಹುರುಪೆಯೇ ಇಲ್ಲ. ಸ್ವಾಬನ್ನು ಎಷ್ಟು ಬಾರಿ, ಎಷ್ಟು ಒತ್ತಿ ಎಳೆಯಬೇಕು ಎಂಬುದನ್ನು ಜಾತಿಜಾತಿಗೂ ಕಂಡುಕೊಳ್ಳಬೇಕಾಗುತ್ತದೆ.

ಕೊನೆಯದು ಒಂದು ಮೀನಿನ ನೋವನ್ನು ಹಲವು ಮೀನುಗಳ ಸಂಖ್ಯೆಯೊಡನೆ ತೂಗುವ ಪ್ರಶ್ನೆ. ಮೂರನೇ ದಿನ ಬೇಡವೆಂದು ತೆಗೆದ ಮೂವತ್ತು ಭ್ರೂಣ ಒಂದು ಕಡೆ. ಇನ್ನೊಂದು ಕಡೆ ಮೂರು ತಿಂಗಳು ಬದುಕಿ ಬಾಲದ ತುದಿ ಕಳೆದುಕೊಂಡು ಸತ್ತ ಮೂವತ್ತು ಮೀನು. ನೈತಿಕ ಸಮಿತಿಗೆ ಅರ್ಜಿ ಬರೆಯುವ ವಿದ್ಯಾರ್ಥಿ ಇವತ್ತು ವಿಧಾನದ ಹೆಸರು ಬರೆಯುತ್ತಾನೆ, ಮೀನುಗಳ ಸಂಖ್ಯೆಯನ್ನೂ ಬರೆಯುತ್ತಾನೆ. ಆ ಎರಡು ಖಾನೆಗಳನ್ನು ಒಟ್ಟಿಗೆ ಓದುವ ಕ್ರಮ ಮಾತ್ರ ಇನ್ನೂ ರೂಪುಗೊಂಡಿಲ್ಲ.